ತೀರ್ಥಹಳ್ಳಿ ರೋಡಿನ ಹೊಸ ಹೋಟ್ಲು: ರುಚಿ ಇದೆ, ಆದ್ರೆ ಎಲ್ಲಾ ಓವರ್

ಶಿವಮೊಗ್ಗದಿಂದ ಹೋಗ್ತಾ ಸಕ್ರೆಬೈಲು ಆನೆ ಬಿಡಾರ ದಾಟಿದ್ಮೇಲೆ ಮಂಡಗದ್ದೆಗಿಂತ ಮುಂಚೆ ಸಿಗುತ್ತೆ, ಹೆಸ್ರು ಬೇಡ ಬಿಡಿ. ಅಕ್ಕಿ ರೊಟ್ಟಿ ಮಾತ್ರ ಸೂಪರ್, ಅನ್ನ ಹಾಕಿ ನಾದಿ ಕೈಯಲ್ಲೇ ತಟ್ಟಿದ್ದು, ಅಂಚು ಗರಿಗರಿ ನಡು ಮೆತ್ತಗೆ, ಅದಕ್ಕೊಂದು ಕಾಯಿ ಚಟ್ನಿ ಕೊಟ್ಟಿದ್ರೆ ಸಾಕಿತ್ತು. ಇವ್ರು ಮೇಲೆ ಬೆಣ್ಣೆ, ಬೆಣ್ಣೆ ಮೇಲೆ ಚೀಸ್ ತುರಿ, ಪಕ್ಕದಲ್ಲಿ ಮಯೋನೀಸ್ ಬೇರೆ, ಯಾಕ್ ಗುರು?

ನಂಗೆ ನಿಜವಾಗ್ಲೂ ಹೊಟ್ಟೆ ಉರಿದಿದ್ದು ಕಳಲೆ ನೋಡಿ. ಮಳೆಗಾಲದಲ್ಲಿ ಸಿಗೋ ಎಳೆ ಬಿದಿರು, ಹೆಚ್ಚಿ ದಿನಾ ನೀರು ಬದಲಾಯಿಸ್ತಾ 2-3 ದಿನ ನೆನೆಸಿ ಕಹಿ ತೆಗೀಬೇಕು, ಅಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಗೋಡಂಬಿ ಪೇಸ್ಟ್ ಸುರಿದು ಅದ್ರ ಘಮಾನೇ ಮುಚ್ಚಾಕಿದಾರೆ, ಪನೀರ್ ತಿಂದಂಗಾಯ್ತು. ನಮ್ಮತ್ತಿಗೆ ಒಂದ್ ತುತ್ತು ತಿಂದು ತಟ್ಟೆ ನನ್ನ ಕಡೆ ತಳ್ಳಿದ್ರು.

ಡೆಕೋರೇಷನ್ ಬಗ್ಗೆ ಏನ್ ಹೇಳೋದು, ಯಕ್ಷಗಾನದ ಕಿರೀಟ, ನೇಗಿಲು, ಮಂಕರಿ, ಕಲರ್ ಕಲರ್ ಎಲ್‌ಇಡಿ ಎಲ್ಲಾ ಒಂದೇ ಗೋಡೇಲಿ. ಸ್ಪೀಕರ್ ಸೌಂಡಿಗೆ ಹೊರಗೆ ಮಳೆ ಬರ್ತಿದ್ದಿದ್ದೂ ಕೇಳ್ಲಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿಗೆ ಮಾತ್ರ ಯಾರೂ ಕೈ ಹಾಕಿಲ್ಲ ಪುಣ್ಯಕ್ಕೆ, ಸೊನೆ ಪರಿಮಳ ಹಾಗೇ ಇದೆ, ಎರಡನೇ ಸಲ ಕೇಳಿದ್ರೂ ಮುಖ ಗಂಟಿಕ್ಕದೆ ಹಾಕಿದ್ರು. ಬಡಿಸೋ ಹುಡುಗ್ರು ಒಳ್ಳೆಯವ್ರು. ‘ಪ್ಲೇನ್ ಬೇಕು ಅಂದ್ರೆ ಪ್ಲೇನೇ ಕೊಡ್ತೀವಿ ಸಾರ್’ ಅಂದ್ರು, ಬಿಲ್ ತಂದಿಟ್ಟಾದ್ಮೇಲೆ! ಹೋಗೋರು ಆರ್ಡರ್ ಕೊಡೋವಾಗ್ಲೇ ರೊಟ್ಟಿ, ಚಟ್ನಿ, ಮಿಡಿ ಇಷ್ಟೇ ಅಂತ ಹೇಳ್ಬಿಡಿ. 5ಕ್ಕೆ 3.