ಒಂದು ಶರ್ಟ್ ಡ್ರೆಸ್, ನಾಲ್ಕು ಬಟ್ಟೆ, ಡೊಂಬಿವಲಿ ಲೋಕಲ್

ಮಾರ್ಚ್ ಕೊನೆಯಲ್ಲಿ ಮುಂಬೈ ಲೋವರ್ ಪರೇಲಿನ ಫೀನಿಕ್ಸ್ ಮಾಲ್‌ನಲ್ಲಿ ಒಂದು ಶರ್ಟ್ ಡ್ರೆಸ್ ಹಾಕಿ ನೋಡಿದೆ. ತಿಳಿ ಪಿಸ್ತಾ ಬಣ್ಣ, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗಿನ ಉದ್ದ, ಮೇಲಿಂದ ಕೆಳಗಿನವರೆಗೆ ಗುಂಡಿ, ಇಳಿದ ಭುಜ (ತೋಳಿನ ಹೊಲಿಗೆ ಭುಜ ದಾಟಿ ಕೆಳಗೆ), ಎರಡೂ ಪಕ್ಕಕ್ಕೆ ಕೈ ಪೂರ್ತಿ ಇಳಿಯುವ ಜೇಬು. ನಡೆದರೆ ನೀರಿನ ಹಾಗೆ ಸರಿಯುತ್ತಿತ್ತು. ಬೆಲೆ 3,490 ರೂಪಾಯಿ. ಒಳಗಿನ ಚೀಟಿ ತಿರುವಿ ಓದಿದೆ: ಪೂರ್ತಿ ವಿಸ್ಕೋಸ್, ಹತ್ತಿಯಲ್ಲ. ಆ ಮಾಲ್ ನಿಂತ ಜಾಗದಲ್ಲಿ ಮೊದಲು ಇದ್ದದ್ದು ಹತ್ತಿ ಗಿರಣಿ. ಡ್ರೆಸ್ ವಾಪಸ್ ಕೊಟ್ಟು ಹೊರಬರುವಾಗಲೇ ಇದನ್ನು ಹತ್ತಿಯಲ್ಲಿ ನಾನೇ ಹೊಲಿಯಬೇಕು ಅಂತ ಮನಸ್ಸಾಯಿತು.

ಹೊಲಿದದ್ದು ಒಂದಲ್ಲ, ನಾಲ್ಕು. ಒತ್ತು ನೇಯ್ಗೆಯ ಹತ್ತಿ ಬಟ್ಟೆ ಕೇಂಬ್ರಿಕ್, ರೇಯಾನ್, ಕಾಟನ್-ಲಿನನ್, ತೆಳು ಹತ್ತಿಯ ಮಲ್‌ಮಲ್. ಕಟಿಂಗ್ ಒಂದೇ, ಬಟ್ಟೆ ಮಾತ್ರ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ನಾಲ್ಕನ್ನೂ ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿ ಸ್ಟೇಷನ್ನಿನವರೆಗೆ ಹಾಕಿಕೊಂಡು ಹೋದೆ. ಲೇಡೀಸ್ ಡಬ್ಬಿಯಲ್ಲಿ ಒಂದು ಗಂಟೆಗೂ ಮೇಲೆ ನಿಂತು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಊಟದ ಡಬ್ಬಿಯ ಚೀಲ. ಬೇಸಿಗೆ ಬಟ್ಟೆಗೆ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಮೊದಲು ಫರ್ಮಾದ (ಬಟ್ಟೆ ಕತ್ತರಿಸುವ ಕಾಗದದ ಅಚ್ಚಿನ) ಮಾತು, ಬೇಗ ಮುಗಿಸುತ್ತೇನೆ. ಮೂರು ದಾರಿ ನೋಡಿದೆ. ಸ್ಟೇಷನ್ ರಸ್ತೆಯ ಒಬ್ಬ ಟೈಲರಿಗೆ ಫೋಟೋ ತೋರಿಸಿ ಬರೀ ಕಟಿಂಗ್ ಮಾಡಿಕೊಡಿ ಅಂದೆ. ಅವರು ತಮ್ಮ ಕುರ್ತಾದ ಫರ್ಮಾ ಇಟ್ಟೇ ಕತ್ತರಿಸಿದರು, ಕಾಲರ್ ನಿಲ್ಲುವ ಜಾಗವೇ ಉಳಿಯಲಿಲ್ಲ. ಎರಡನೆಯದು, ದುಡ್ಡು ಕೊಟ್ಟು ಇಳಿಸಿಕೊಂಡ ಪ್ಯಾಟರ್ನ್. ಮೂವತ್ತಕ್ಕೂ ಹೆಚ್ಚು ಹಾಳೆ ಪ್ರಿಂಟ್ ತೆಗೆದು, ಅಂಚು ಕೂಡಿಸಿ ಅಂಟಿಸುವುದಕ್ಕೇ ಒಂದು ಭಾನುವಾರ ಹೋಯಿತು. ಅಳತೆ ಸರಿಯಿತ್ತು, ಆದರೆ ತೋಳು ನಮ್ಮ ಮೈಕಟ್ಟಿಗೆ ಉದ್ದ, ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ, ಡಾರ್ಟ್, ಒಂದು ಇಂಚು ಮೇಲೆ. ಮೂರನೆಯದು ಗೆದ್ದಿತು. ಮೈಗೆ ಸರಿಯಾಗಿ ಕೂರುವ ನನ್ನದೇ ಹಳೆಯ ಅಂಗಿಯನ್ನು ಖಾಕಿ ಕಾಗದದ ಮೇಲೆ ಹಾಸಿ, ಕೆಳಗೊಂದು ದಪ್ಪ ಚಾದರ ಇಟ್ಟು, ಹೊಲಿಗೆಯ ಗೆರೆಯುದ್ದಕ್ಕೂ ಗುಂಡುಸೂಜಿ ಚುಚ್ಚುತ್ತ ಹೋಗುವುದು. ಅಂಗಿ ಎತ್ತಿದರೆ ಕಾಗದದ ಮೇಲೆ ಚುಕ್ಕಿಗಳ ಸಾಲು. ಅವನ್ನು ಕೂಡಿಸಿ, ಸುತ್ತ ಅರ್ಧ ಇಂಚು ಬಿಟ್ಟರೆ ಫರ್ಮಾ ಸಿದ್ಧ. ಇಳಿದ ಭುಜ, ಜೇಬು, ಕಾಲರಿನ ಎತ್ತರ ಇವನ್ನಷ್ಟೇ ಮಾಲ್‌ನ ಡ್ರೆಸ್ಸಿನಿಂದ ತೆಗೆದುಕೊಂಡೆ.

ಬಟ್ಟೆಗೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ಮಂಗಳದಾಸ್ ಮಾರ್ಕೆಟ್. ಭಾನುವಾರ ಮುಚ್ಚಿರುತ್ತದೆ, ಶನಿವಾರ ಬೆಳಿಗ್ಗೆಯೇ ಹೋಗಬೇಕು. ಪನ್ನಾ, ಅಂದರೆ ಬಟ್ಟೆಯ ಅಗಲ, ಕೇಳದೆ ಮೀಟರ್ ಹೇಳಬೇಡಿ. 44 ಇಂಚಿನ ಪನ್ನಾದಲ್ಲಿ ಈ ಡ್ರೆಸ್ಸಿಗೆ ನನಗೆ ಮೂರು ಮೀಟರ್ ಬೇಕಾಯಿತು, 58 ಇಂಚಿನದಾದರೆ ಎರಡೂಕಾಲು ಸಾಕು. ತಂದ ಮೇಲೆ ನಾಲ್ಕನ್ನೂ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಮತ್ತೆ ಅಳೆದೆ. ಮೂರು ಮೀಟರ್ ರೇಯಾನ್ ಹದಿನೈದು ಸೆಂಟಿಮೀಟರ್ ಕುಗ್ಗಿತ್ತು. ನೆನೆಸದೆ ಹೊಲಿದಿದ್ದರೆ ಮೊದಲ ಒಗೆತಕ್ಕೇ ಡ್ರೆಸ್ ಮೊಣಕಾಲಿನ ಹತ್ತಿರಕ್ಕೆ ಏರುತ್ತಿತ್ತು.

ಕೇಂಬ್ರಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೀಟರಿಗೆ 140 ರೂಪಾಯಿ. ಕತ್ತರಿ ಇಟ್ಟಲ್ಲಿ ನಿಲ್ಲುತ್ತದೆ, ಇಸ್ತ್ರಿಯಲ್ಲಿ ಮಡಿಕೆ ಕೇಳುತ್ತದೆ, ಗುಂಡಿಪಟ್ಟಿ ನೆಟ್ಟಗೆ ಬರುತ್ತದೆ. ಹೊಸದಾಗಿ ಹೊಲಿಯುವವರು ಇದರಿಂದಲೇ ಶುರು ಮಾಡಲಿ. ಮೈಮೇಲೆ ಮಾತ್ರ ಸ್ವಲ್ಪ ಡಬ್ಬಿಯ ಹಾಗೆ ನಿಂತಿತು. ಮಾಲ್‌ನಲ್ಲಿ ಕಂಡ ಸರಿಯುವಿಕೆ ಇಲ್ಲ.

ಆ ಸರಿಯುವಿಕೆ ಬೇಕೆಂದೇ ರೇಯಾನ್ ತಂದದ್ದು. ರೇಯಾನ್, ವಿಸ್ಕೋಸ್ ಎಂದರೆ ಒಂದೇ ಜಾತಿ, ಮರದ ತಿರುಳಿನಿಂದ ತೆಗೆದ ನೂಲು. ಹರಿಹರದ ಹತ್ತಿರ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೀಲಗಿರಿ ಮರ ತಿರುಳಾಗುವುದು ಇದಕ್ಕೇ. ನೆಲದ ಮೇಲೆ ಹಾಸಿದರೆ ಒಂದು ತುದಿ ಸರಿಪಡಿಸುವಷ್ಟರಲ್ಲಿ ಇನ್ನೊಂದು ತುದಿ ಓರೆಯಾಗುತ್ತದೆ. ಹಾಸು ಹೊಕ್ಕಿನ ಎಳೆ ನೆಟ್ಟಗೆ ಕೂರಿಸಲು ಕೆಳಗೆ ಹಳೆಯ ಹತ್ತಿ ಸೀರೆ ಹಾಸಬೇಕಾಯಿತು. ಹೊಲಿದ ಮೇಲೆ ಕೆಳ ಅಂಚು ತಕ್ಷಣ ಮಡಿಸಬಾರದು, ಒಂದು ದಿನ ಹ್ಯಾಂಗರಿಗೆ ಹಾಕಿ ಬಿಡಬೇಕು. ಪಕ್ಕದ ಓರೆ ಭಾಗ ಜೋತುಬಿದ್ದು ಇಳಿಯುತ್ತದೆ. ನನ್ನದು ಎರಡೂ ಪಕ್ಕ ಮುಕ್ಕಾಲು ಇಂಚು ಇಳಿದಿತ್ತು. ಅದನ್ನು ಕತ್ತರಿಸಿ ಸಮ ಮಾಡಿ ಹೆಮ್ಮಿಂಗ್ ಮಾಡಿದೆ.

ಕನ್ನಡಿಯ ಮುಂದೆ ಅದು ಥೇಟ್ ಮಾಲ್‌ನ ಡ್ರೆಸ್ಸೇ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲೂ ಚೆನ್ನಾಗಿಯೇ ಇತ್ತು. ಠಾಣೆ ದಾಟುವಷ್ಟರಲ್ಲಿ ಬೆನ್ನು ಒದ್ದೆ, ಕುರ್ಲಾದಲ್ಲಿ ಬಟ್ಟೆ ತೊಡೆಗೆ ಸುತ್ತಿಕೊಂಡಿತ್ತು. ರೇಯಾನ್ ಬೆವರನ್ನು ಚೆನ್ನಾಗಿಯೇ ಹೀರುತ್ತದೆ, ಆದರೆ ಹೀರಿ ಭಾರವಾಗುತ್ತದೆ, ಮೆತ್ತಗಾಗಿ ಮೈಗೆ ಮೆತ್ತುತ್ತದೆ. ಒದ್ದೆಯಾದಾಗ ಅದರ ಶಕ್ತಿಯೂ ಕಡಿಮೆ. ಎರಡು ವಾರದಲ್ಲಿ ಕಂಕುಳ ಹೊಲಿಗೆಯ ಹತ್ತಿರ ಎಳೆ ಜಾರತೊಡಗಿತು. ಪಕ್ಕದ ಮನೆಯ ವೈನಿ ಮೂಲತಃ ಧಾರವಾಡದವರು, ಸಂಜೆ ನನ್ನನ್ನು ನೋಡಿ ಅಂದದ್ದು: "ನಮ್ಮ ಕಡೆ ಬಿಸಲಾಗ ಇದು ನಡೀತದ್ರಿ, ಬೆವರು ಅಲ್ಲೇ ಆರ್ತದ. ಇಲ್ಲೆ ಗಾಳಿನೇ ತೊಯ್ದಿರ್ತದ, ಎಲ್ಲಿ ಆರಬೇಕು?" ಮುಂಬೈ ಬೇಸಿಗೆಯ ತೊಂದರೆ ಇರುವುದು ಬಿಸಿಲಿನಲ್ಲಿ ಅಲ್ಲ, ಸಮುದ್ರದ ತೇವದಲ್ಲಿ. ಧಾರವಾಡದ ಮದುವೆಗೆ ಈ ಡ್ರೆಸ್ ತೆಗೆದಿಟ್ಟಿದ್ದೇನೆ.

ಕಾಟನ್-ಲಿನನ್ ಮೀಟರಿಗೆ 380. ಶುದ್ಧ ಲಿನನ್ ಅದರ ಎರಡರಷ್ಟು ಹೇಳಿದರು, ಬಿಟ್ಟೆ. ಲಿನನ್ ಅಗಸೆ ಗಿಡದ ನಾರು. ಈ ನಾರು ಬಿಗಿ, ಬಾಗಿದರೆ ಹಿಂದಕ್ಕೆ ಚಿಮ್ಮುವುದಿಲ್ಲ. ಸುಕ್ಕು ಬೀಳುವುದು ಅದಕ್ಕೇ, ಒದ್ದೆಯಾದರೂ ಮೈಗೆ ಅಂಟದೆ ಬಟ್ಟೆ ದೂರ ನಿಲ್ಲುವುದೂ ಅದಕ್ಕೇ. ನಡುವೆ ಗಾಳಿ ಓಡಾಡುತ್ತದೆ. ಆಫೀಸಿನ ದಿನಕ್ಕೆ ನಾಲ್ಕರಲ್ಲಿ ಇದೇ ನನ್ನ ಆಯ್ಕೆ. ಸಂಜೆ ಹೊತ್ತಿಗೆ ಮಡಿಲಲ್ಲಿ ಬಿದ್ದ ಸುಕ್ಕು ನನಗೆ ಚೆಂದವೇ ಕಾಣುತ್ತದೆ.

ಇನ್ನು ಮಲ್‌ಮಲ್. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೇಳಿದ್ದು, ಕಲಿಸಿದ್ದೂ ಇದೇ. ಮೊದಲ ಹೊಲಿಗೆ ಹಾಕುವಾಗಲೇ ಬಟ್ಟೆಯ ಮೂಲೆಯನ್ನು ಮಷಿನ್ ಸೂಜಿ ಇಳಿಯುವ ತೂತಿನೊಳಗೆ ಎಳೆದುಕೊಂಡಿತು. ಬಿಡಿಸಿದಾಗ ಎರಡು ಎಳೆ ಹರಿದಿದ್ದವು. 16ನೇ ನಂಬರ್ ಸೂಜಿ ತೆಗೆದು 9 ಹಾಕಿದೆ, ಹೊಲಿಗೆ ಸಣ್ಣದು ಮಾಡಿದೆ, ಪ್ರತಿ ಹೊಲಿಗೆಯ ಕೆಳಗೂ ಹಳೆ ಪತ್ರಿಕೆಯ ಪಟ್ಟಿ ಇಟ್ಟು ಕಾಗದ ಸಮೇತ ಹೊಲಿದು ಆಮೇಲೆ ಹರಿದು ತೆಗೆದೆ. ಮೊದಲ ಪಟ್ಟಿಯ ಶಾಯಿ ಬಟ್ಟೆಗೆ ತಾಗಿತು, ಅಲ್ಲಿಂದ ಮಕ್ಕಳ ನೋಟ್‌ಬುಕ್ಕಿನ ಖಾಲಿ ಹಾಳೆ. ಒಳಗಿನ ಅಂಚು ಹೊರಗೇ ಕಾಣುವಷ್ಟು ತೆಳು ಬಟ್ಟೆಯಾದ್ದರಿಂದ ಓವರ್‌ಲಾಕ್ (ಅಂಚಿಗೆ ಸುತ್ತುವ ಹೊಲಿಗೆ) ಬೇಡ, ಫ್ರೆಂಚ್ ಸೀಮ್ ಬೇಕು. ಮೊದಲು ಒಳಬದಿ ಒಳಗೆ ಸೇರುವಂತೆ ಇಟ್ಟು ಕಾಲು ಇಂಚಿಗೆ ಹೊಲಿಗೆ, ಅಂಚು ಕತ್ತರಿಸಿ, ತಿರುವಿ, ಎಳೆಗಳೆಲ್ಲ ಒಳಗೆ ಮುಚ್ಚಿಹೋಗುವಂತೆ ಎರಡನೇ ಹೊಲಿಗೆ. ಗುಂಡಿಪಟ್ಟಿಗೆ ಇಸ್ತ್ರಿಯಲ್ಲಿ ಅಂಟಿಸುವ ಗಟ್ಟಿ ಪದರ, ಪೇಸ್ಟಿಂಗ್ ಕ್ಯಾನ್ವಾಸ್, ಹಾಕಿದರೆ ಆ ಪಟ್ಟಿ ಮಾತ್ರ ರಟ್ಟಿನಂತೆ ನಿಂತಿತು. ಕಿತ್ತು, ಅದೇ ಮಲ್‌ಮಲ್‌ನ ಇನ್ನೊಂದು ಪದರ ಇಟ್ಟೆ.

ಇಷ್ಟಾದರೂ ಮಾಲ್‌ನ ಕಟಿಂಗ್ ಇದಕ್ಕೆ ಒಪ್ಪಲಿಲ್ಲ. ಆ ಕಟಿಂಗ್ ಭಾರದ ಬಟ್ಟೆಗೆ ಮಾಡಿದ್ದು. ಭಾರವೇ ಅದನ್ನು ಕೆಳಗೆಳೆದು ಚೆಂದ ಮಾಡುತ್ತಿತ್ತು. ಹಗುರ ಮಲ್‌ಮಲ್ ಗಾಳಿಗೆ ಉಬ್ಬಿತು. ಎರಡನೇ ಸಲ ಬೆನ್ನಿಗೆ ಯೋಕ್ (ಭುಜದ ಕೆಳಗಿನ ಅಡ್ಡ ತುಂಡು) ಕೊಟ್ಟು ಅದರ ಕೆಳಗೆ ನೆರಿಗೆ ತುಂಬಿದೆ, ಕೆಳ ಅಂಚಿಗೆ ಎರಡು ಇಂಚಿನ ಅಗಲ ಮಡಿಕೆ ಬಿಟ್ಟೆ. ಬಟ್ಟೆ ತಾನಾಗಿ ಇಳಿಯಿತು. ಅಮೆರಿಕದ ಡಿಸೈನರ್ ಕ್ಲೇರ್ ಮೆಕಾರ್ಡೆಲ್ 1942ರಲ್ಲಿ ಮನೆಗೆಲಸ ಮಾಡುವ ಹೆಂಗಸರಿಗೆಂದು ಪಾಪ್‌ಓವರ್ ಡ್ರೆಸ್ ಮಾಡಿದಾಗ ಡೆನಿಮ್ಮಿನಂಥ ದುಡಿಮೆಯ ಬಟ್ಟೆ ಹಿಡಿದು, ಸುತ್ತಿ ಕಟ್ಟುವ ಸರಳ ರೂಪ, ದೊಡ್ಡ ಜೇಬು ಕೊಟ್ಟಿದ್ದಳು. ರೆಡಿಮೇಡ್‌ನಿಂದ ನಾವು ಕದಿಯಬೇಕಾದ್ದು ಈ ಬುದ್ಧಿ. ಬಟ್ಟೆ ಏನು ಕೇಳುತ್ತದೆ ಅಂತ ಮೊದಲು ನೋಡುವುದು.

ನಾಲ್ಕರಲ್ಲೂ ಇದ್ದ ಒಂದೇ ತಪ್ಪು ಇಳಿದ ಭುಜ. ಮಾಲ್‌ನ ಟ್ರಯಲ್ ರೂಮಿನಲ್ಲಿ ಕೈ ಕೆಳಗಿಟ್ಟು ನಿಂತಿದ್ದೆ, ಗೊತ್ತಾಗಲಿಲ್ಲ. ಲೋಕಲ್‌ನಲ್ಲಿ ಹಿಡಿಕೆಗೆ ಕೈ ಎತ್ತಿದ ಕೂಡಲೇ ಇಡೀ ಡ್ರೆಸ್ ಮೇಲಕ್ಕೆ ಬಂತು. ಮನೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಅಳೆದೆ, ಮೂರೂವರೆ ಇಂಚು. ಭುಜ ಇಳಿದರೆ ಕಂಕುಳೂ ಆಳ, ಕಂಕುಳು ಆಳವಾದಷ್ಟೂ ತೋಳು ಎತ್ತಿದಾಗ ಪಕ್ಕವೆಲ್ಲ ಎಳೆದುಕೊಂಡು ಬರುತ್ತದೆ. ನೆನಪಾದದ್ದು ಅಜ್ಜನ ನೆಹರೂ ಶರ್ಟು. ಅದರ ಕಂಕುಳಲ್ಲಿ ಚೌಕದ ತುಂಡೊಂದನ್ನು ಮೂಲೆಗೆ ಮೂಲೆ ಸೇರಿಸಿ ಹೊಲಿದಿರುತ್ತಿದ್ದರು. ಮಲ್‌ಮಲ್‌ಗೂ ಲಿನನ್‌ಗೂ ಕಂಕುಳನ್ನು ಒಂದೂವರೆ ಇಂಚು ಮೇಲೇರಿಸಿ, ಮೂರು ಇಂಚಿನ ಚೌಕ ಕೊಟ್ಟೆ. ಈಗ ಕೈ ಎತ್ತಿದರೆ ಒಂದು ಇಂಚೂ ಏಳುವುದಿಲ್ಲ. ಆ ಚೌಕಕ್ಕೆ ಊರಿಂದ ತಂದ ಗುಳೇದಗುಡ್ಡ ಖಣದ ಚೂರು ಹಾಕಬೇಕೆಂಬ ಆಸೆಯಿತ್ತು. ಆದರೆ ಬೆವರು ತಾಗುವ ಜಾಗ, ಹೊಳಪಿನ ನೂಲು ಹಾಳಾದೀತೆಂದು ಜೇಬಿನ ಬಾಯಿಗೆ ಪಟ್ಟಿಯಾಗಿ ಕೊಟ್ಟೆ.

ಖರ್ಚು ಹೇಳಬೇಕೆಂದರೆ, ಗುಂಡಿ, ದಾರ, ಕಾಜಾ (ಗುಂಡಿಯ ತೂತು) ಮಾಡಿಸಿದ್ದು ಎಲ್ಲ ಸೇರಿ ಕೇಂಬ್ರಿಕ್ 540, ಲಿನನ್ ಮಿಶ್ರಣದ್ದು ಸಾವಿರದ ಆಸುಪಾಸು, ಮಲ್‌ಮಲ್ ಒಳಗಿನ ಸ್ಲಿಪ್ ಸೇರಿ 850. ಗುಂಡಿಗಳಲ್ಲಿ ಒಂದನ್ನು ಎದೆ ಹೆಚ್ಚು ತುಂಬಿರುವ ಮಟ್ಟದಲ್ಲೇ ಗುರುತು ಹಾಕಿ, ಉಳಿದವನ್ನು ಅಲ್ಲಿಂದ ಮೇಲೆ ಕೆಳಗೆ ಎಣಿಸಿ. ಅಂಗಡಿಯ ಡ್ರೆಸ್ ಅಲ್ಲೇ ಬಾಯಿ ಬಿಡುತ್ತಿತ್ತು.

ವೈನಿಯೂ ಒಂದು ಕೇಳಿದ್ದಾರೆ. ಅವರಿಗೆ ಭಾಂಡುಪ್‌ನ ಶಾಲೆಯ ಕೆಲಸ, ದಿನವಿಡೀ ಬೋರ್ಡಿನ ಮೇಲೆ ಬರೆಯುವ ಕೈ. ಅಳತೆ ತೆಗೆದುಕೊಂಡು ಕಾಟನ್-ಲಿನನ್ ಎರಡೂವರೆ ಮೀಟರ್ ನೆನೆಹಾಕಿದ್ದೇನೆ. ಬಲಗಡೆಯ ಚೌಕ ಅರ್ಧ ಇಂಚು ದೊಡ್ಡದಿಡುವವಳಿದ್ದೇನೆ.