ಪಿಎಸ್‌ಟಿ ಇಂಪೋರ್ಟ್ ಕೈಕೊಟ್ಟರೆ: ಸ್ಟೋರೇಜ್ ಎಕ್ಸ್‌ಪ್ಲೋರರಾ, ಅಝ್‌ಕಾಪಿ ಲಿಸ್ಟಾ?

ಔಟ್‌ಲುಕ್‌ನ ಹಳೇ ಮೇಲ್‌ಗಳಿರುವ ಪಿಎಸ್‌ಟಿ ಫೈಲ್‌ಗಳನ್ನು ಮೈಕ್ರೋಸಾಫ್ಟ್ 365ಕ್ಕೆ ತರುವಾಗ ಅವು ನೇರವಾಗಿ ಮೇಲ್‌ಬಾಕ್ಸ್‌ಗೆ ಹೋಗುವುದಿಲ್ಲ. ಮೊದಲು ಅಝ್‌ಕಾಪಿ ಅನ್ನುವ ಕಮಾಂಡ್ ಟೂಲ್ ಮೂಲಕ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಝ್ಯೂರ್‌ನ ‘ಇಂಜೆಶ್ಚನ್‌ಡೇಟಾ’ (ingestiondata) ಕಂಟೇನರ್‌ಗೆ, ಅಂದರೆ ಫೈಲ್ ಇಡುವ ಜಾಗಕ್ಕೆ, ಹೋಗುತ್ತವೆ, ಆಮೇಲೆ ಯಾವ ಫೈಲ್ ಯಾವ ಮೇಲ್‌ಬಾಕ್ಸ್‌ಗೆ ಅಂತ ನಾವು ಬರೆದುಕೊಡುವ ಮ್ಯಾಪಿಂಗ್ ಸಿಎಸ್‌ವಿ ಪಟ್ಟಿಯ ಪ್ರಕಾರ ಇಂಪೋರ್ಟ್ ನಡೆಯುತ್ತದೆ. ಫೈಲ್ ಸಿಗಲಿಲ್ಲ ಅಂತ ಎರರ್ ಬಂದ ಕೂಡಲೇ ಅಷ್ಟನ್ನೂ ಮತ್ತೆ ಅಪ್‌ಲೋಡ್ ಮಾಡಲು ಹೊರಡಬೇಡಿ. ಕಂಟೇನರ್ ಒಳಗೆ ಏನಿದೆ ಅಂತ ಮೊದಲು ನೋಡಿ. ಅದಕ್ಕಿರುವ ಎರಡು ದಾರಿಯನ್ನೂ ನಾನು ಬಳಸಿದ್ದೇನೆ.

ಮೊದಲ ಸಲ ನೋಡುವವರಿಗೆ ಕಂಟೇನರ್ ತೆರೆದು ತೋರಿಸುವ ಆ್ಯಪ್ ಆದ ಅಝ್ಯೂರ್ ಸ್ಟೋರೇಜ್ ಎಕ್ಸ್‌ಪ್ಲೋರರೇ ಒಳ್ಳೆಯದು. ಇಂಪೋರ್ಟ್ ಪುಟದಲ್ಲಿ ಸಿಕ್ಕ ಎಸ್‌ಎಎಸ್ ಯುಆರ್‌ಎಲ್ (ಕಂಟೇನರ್‌ಗೆ ಪ್ರವೇಶ ಕೊಡುವ ಲಿಂಕ್) ಹಾಕಿ ಕನೆಕ್ಟ್ ಮಾಡಿದರೆ ಸಾಕು, ಫೋಲ್ಡರ್, ಹೆಸರು, ಸೈಜ್ ಎಲ್ಲ ಕಣ್ಣೆದುರಿಗೇ ಬರುತ್ತದೆ. ಒಮ್ಮೆ ಸಿಎಸ್‌ವಿಯಲ್ಲಿ ಫೈಲ್‌ಪಾತ್ ಕಾಲಂ ಖಾಲಿ ಇತ್ತು, ಅಂದರೆ ಫೈಲ್‌ಗಳು ಕಂಟೇನರ್‌ನ ಮೇಲುಹಂತದಲ್ಲೇ ಇರಬೇಕು, ಆದರೆ ತೆರೆದು ನೋಡಿದರೆ ಎಲ್ಲವೂ ಒಂದು ಫೋಲ್ಡರ್ ಒಳಗೆ ಕೂತಿದ್ದವು. ಮೂಲ ಫೋಲ್ಡರ್ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕದಿದ್ದರೆ ಅಝ್‌ಕಾಪಿ ಆ ಫೋಲ್ಡರನ್ನೂ ಜೊತೆಗೇ ಒಯ್ಯುತ್ತದೆ. ಕಾಲಂನಲ್ಲಿ ಫೋಲ್ಡರ್ ಹೆಸರು ತುಂಬಿದೆವು, ಇಂಪೋರ್ಟ್ ಓಡಿತು. ಇಲ್ಲಿಂದ ಫೈಲ್ ಅಳಿಸಲು, ಹೆಸರು ಬದಲಿಸಲು ಮಾತ್ರ ಆಗುವುದಿಲ್ಲ, ಸುಮ್ನೆ ನೋಡಬಹುದು ಅಷ್ಟೇ.

ಫೈಲ್‌ಗಳು ಜಾಸ್ತಿ ಇದ್ದರೆ ನನ್ನ ಆಯ್ಕೆ ಅಝ್‌ಕಾಪಿಯ ಲಿಸ್ಟ್ ಕಮಾಂಡ್. ಹೆಸರು, ಸೈಜ್ ಟೆಕ್ಸ್ಟ್ ಆಗಿ ಬರುತ್ತದೆ, ಅದನ್ನು ಸಿಎಸ್‌ವಿ ಪಕ್ಕದಲ್ಲಿಟ್ಟು ಹೋಲಿಸಬಹುದು. ಕ್ಯಾಪಿಟಲ್, ಸ್ಮಾಲ್ ಅಕ್ಷರದ ವ್ಯತ್ಯಾಸ ಎಕ್ಸ್‌ಪ್ಲೋರರ್‌ನಲ್ಲಿ ಕಣ್ಣು ತಪ್ಪಿಸಿಕೊಳ್ಳುತ್ತದೆ, ಇಲ್ಲಿ ಸಿಕ್ಕಿಬೀಳುತ್ತದೆ. ಇಂಪೋರ್ಟ್‌ಗೆ ಅದು ದೊಡ್ಡ ವ್ಯತ್ಯಾಸವೇ, ಎರಡು ಕಡೆ ಹೆಸರು ಅಕ್ಷರಶಃ ಒಂದೇ ಇರಬೇಕು. ಒಂದೇ ತೊಂದರೆ, ಇಲ್ಲೂ ಕೊಡಬೇಕಾದ ಆ ಎಸ್‌ಎಎಸ್ ಯುಆರ್‌ಎಲ್‌ನಲ್ಲಿ ಆಂಪರ್‌ಸ್ಯಾಂಡ್ (&) ಇರುವುದರಿಂದ ಅದನ್ನು ಡಬಲ್ ಕೋಟ್ ಒಳಗೆ ಹಾಕದಿದ್ದರೆ ಕಮಾಂಡ್ ಅರ್ಧಕ್ಕೇ ತುಂಡಾಗುತ್ತದೆ. ಆ ಯುಆರ್‌ಎಲ್ ಪಾಸ್‌ವರ್ಡ್ ಇದ್ದ ಹಾಗೆ, ಸ್ಕ್ರೀನ್‌ಶಾಟ್ ಕಳಿಸುವಾಗ ಮುಚ್ಚಿಬಿಡಿ.

ಸೈಜ್ ಮೇಲೂ ಒಂದು ಕಣ್ಣಿರಲಿ. ಒಂದು ಪಿಎಸ್‌ಟಿ 20 ಜಿಬಿ ದಾಟದಿರಲಿ ಅನ್ನುವುದು ಮೈಕ್ರೋಸಾಫ್ಟ್‌ನ ಸಲಹೆ, ಅದಕ್ಕಿಂತ ದೊಡ್ಡದಾದರೆ ಇಂಪೋರ್ಟ್ ನಿಧಾನವಾಗಬಹುದು. ಕಂಟೇನರ್ ಖಾಲಿ ಕಂಡರೆ ಗಾಬರಿಯಾಗುವ ಮೊದಲು ತಾರೀಖು ನೋಡಿ, ಯಾವ ಜಾಬೂ ನಡೆಯುತ್ತಿಲ್ಲದಿದ್ದರೆ ಕೊನೆಯ ಇಂಪೋರ್ಟ್ ಜಾಬ್ ಮಾಡಿದ 30 ದಿನದ ನಂತರ ಅಲ್ಲಿನ ಪಿಎಸ್‌ಟಿಗಳು ತಾವಾಗಿಯೇ ಅಳಿಸಿಹೋಗುತ್ತವೆ. ಆಗ ಮಾತ್ರ ಮತ್ತೆ ಅಪ್‌ಲೋಡ್ ಮಾಡಲೇಬೇಕು.