ಮಂಡ್ಯದವರ ರಾಜಕೀಯ ಸುದ್ದಿಗೆ ಖಾಸಗಿ ಚಾನೆಲ್ಲೋ, ಚಂದನ-ಆಕಾಶವಾಣಿಯೋ?

ಚಾನೆಲ್ ಒಂದು ಕಡೆ ವಾಲುತ್ತಿದೆ ಅನ್ನಿಸಿದರೆ ಮೊದಲು ಒಡೆತನ ನೋಡಿ. 2007ರಲ್ಲಿ ಕಸ್ತೂರಿ ವಾಹಿನಿ ಶುರುಮಾಡಿದವರು ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅವರ ಪತ್ನಿ ಅನಿತಾ ಕುಮಾರಸ್ವಾಮಿ. ಏಷ್ಯಾನೆಟ್ ಸುವರ್ಣ ನ್ಯೂಸ್ ಜತೆ ಬಿಜೆಪಿಯ ರಾಜೀವ್ ಚಂದ್ರಶೇಖರ್ ಹೆಸರಿದೆ. ಅಷ್ಟಕ್ಕೇ ಪಕ್ಷಪಾತ ಸಾಬೀತಾಗದು. ಕೆಆರ್‌ಎಸ್ ನೀರು ಬಿಟ್ಟ ದಿನ ಎರಡು ಚಾನೆಲ್ ತಿರುಗಿಸಿ: ಮೈಕು ರೈತನ ಮುಂದಿದೆಯೋ, ಬರೀ ನಾಯಕರ ಮುಂದೋ? ನಿರೂಪಕರು ಯಾರ ಮಾತನ್ನು ಅರ್ಧಕ್ಕೇ ತುಂಡರಿಸುತ್ತಾರೆ? 2019ರ ಲೋಕಸಭಾ ಚುನಾವಣೆಯ ಸುಮಲತಾ-ನಿಖಿಲ್ ಕಣದಲ್ಲಂತೂ ಉಳಿದ 27 ಕ್ಷೇತ್ರಗಳು ಕೆಲವರಿಗೆ ಮರೆತೇಹೋದಂತಿತ್ತು. ಸುದ್ದಿಯ ಆಯ್ಕೆಯಲ್ಲೂ ವಾಲುವಿಕೆ ಇರುತ್ತದೆ.

ಚಂದನ, ಆಕಾಶವಾಣಿ ಎರಡೂ ಪ್ರಸಾರ ಭಾರತಿ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಯವು. 1990ರ ಕಾಯ್ದೆ, 1997ರಲ್ಲಿ ಜಾರಿ. ಕಾಗದದ ಮೇಲೆ ಸ್ವಾಯತ್ತ, ಹಣ ಹೆಚ್ಚಾಗಿ ಕೇಂದ್ರದ್ದು. ಚುನಾವಣೆಯಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಸಮಾನ ಮೂಲ ಪ್ರಚಾರ ಸಮಯ, ಮೇಲೆ ಹಿಂದಿನ ಮತಗಳಿಕೆ ನೋಡಿ ಹೆಚ್ಚುವರಿ. ಕಿರುಚಾಟವಿಲ್ಲ. ಆದರೆ ಸರ್ಕಾರಕ್ಕೆ ಮುಜುಗರದ ಪ್ರಶ್ನೆಯೂ ಅಪರೂಪ. ನನಗೆ ಈ ಮೌನವೂ ಪಕ್ಷಪಾತವೇ.

ಖಾಸಗಿ ಎಫ್‌ಎಂ ರೇಡಿಯೊ ನಂಬಬೇಡಿ ಅನ್ನುವಂತೆಯೂ ಇಲ್ಲ, ಅವಕ್ಕೆ ಸ್ವಂತ ಸುದ್ದಿಯೇ ಇಲ್ಲ.

ದೂರು ಕೊಡುವುದಾದರೆ ಖಾಸಗಿ ಚಾನೆಲ್ಲಿಗೆ ದಾರಿ ಸ್ಪಷ್ಟ: 2021ರ ಕೇಬಲ್ ಟಿವಿ ನಿಯಮದಂತೆ ಅವರು 15 ದಿನದಲ್ಲಿ ತೀರ್ಮಾನಿಸಬೇಕು. ಅದು ನಿಮಗೆ ಒಪ್ಪಿಗೆಯಾಗದಿದ್ದರೆ ಚಾನೆಲ್‌ಗಳದೇ ಸ್ವನಿಯಂತ್ರಣ ಸಂಸ್ಥೆ, ಆಮೇಲೆ ಕೇಂದ್ರ ಸರ್ಕಾರ. 'ನೀವು ಪಕ್ಷಪಾತಿಗಳು' ಅಂದರೆ ಯಾರೂ ಕೇಳರು. ದಿನಾಂಕ, ಹೊತ್ತು, ಆಡಿದ ಮಾತು ಬರೆಯಿರಿ.

ಏನಾಯಿತು ಎಂದಷ್ಟೇ ತಿಳಿಯಲು ನಾನು ಆಕಾಶವಾಣಿಯ ಪ್ರದೇಶ ಸಮಾಚಾರ ಆರಿಸುತ್ತೇನೆ. ಜನ ಯಾಕೆ ಸಿಟ್ಟಾಗಿದ್ದಾರೆ ಅನ್ನುವುದಕ್ಕೆ ಖಾಸಗಿಯೇ ಬೇಕು, ಒಂದಲ್ಲ, ಜಗಳವಾಡುವ ಎರಡು.